ಬಿಸಿಲಿಗೆ ಬೆಲೆಯಿಲ್ಲ, ಒಲೆಗೆ ಒಡತಿಯಿದ್ದಾಳೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಿಗೆ ಬಿಸಿಲಿನ ಬಡತನವಿಲ್ಲ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಏಳೆಂಟುನೂರು ಮಿಲಿಮೀಟರ್ ಮಾತ್ರ. ಕಪಿಲೆ ಮತ್ತು ಕಾವೇರಿಯ ನಾಲೆಗಳು ಹರಿದಲ್ಲಿ ಭತ್ತ, ಕಬ್ಬು, ತೆಂಗು. ನಾಲೆಯಿಂದ ಮೇಲಕ್ಕೆ ರಾಗಿ, ಹುರುಳಿ, ಹತ್ತಿ. ನೀರಿನ ಹಂಚಿಕೆಯಲ್ಲಿ ಹೀಗೆ ಮೇಲುಕೀಳುಗಳಿದ್ದರೂ ಬಿಸಿಲಿನ ಹಂಚಿಕೆಯಲ್ಲಿ ತಾರತಮ್ಯವಿಲ್ಲ. ಪ್ರತಿ ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ 5ರಿಂದ 6 ಯೂನಿಟ್‌ನಷ್ಟು ಶಕ್ತಿ ಸೂರ್ಯನಿಂದ ಬಂದು ಬೀಳುತ್ತದೆ. ಹತ್ತು ಚದರ ಮೀಟರಿನ ಪುಟ್ಟ ಅಂಗಳವೊಂದರ ಮೇಲೆ ನಾಲ್ಕು ದಿನಗಳಲ್ಲಿ ಸುರಿಯುವ ಬಿಸಿಲು, 14.2 ಕಿಲೋ ತೂಕದ ಒಂದು ಗ್ಯಾಸ್ ಸಿಲಿಂಡರಿನೊಳಗಿರುವ ಶಾಖಕ್ಕೆ ಹೆಚ್ಚುಕಡಿಮೆ ಸಮ.

ಇಷ್ಟೊಂದು ಬಿಸಿಲು ಬಿಟ್ಟಿಯಾಗಿ ಬೀಳುತ್ತಿರುವಾಗ ಅದರಲ್ಲಿ ಅಡುಗೆ ಮಾಡುವವರು ಏಕೆ ಕಾಣಸಿಗುವುದಿಲ್ಲ? ಪರಿಸರದ ಸಭೆಗಳಲ್ಲಿ ಈ ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ಅರಿವು ಮೂಡಿಸಬೇಕು, ಪ್ರಾತ್ಯಕ್ಷಿಕೆ ಏರ್ಪಡಿಸಬೇಕು. ಈ ಉತ್ತರ ತಪ್ಪು. ಸೌರ ಒಲೆ ಹಳ್ಳಿಯ ಮನೆಗಳಲ್ಲಿ ನೆಲೆಯೂರದೇ ಹೋದದ್ದಕ್ಕೆ ಕಾರಣ ಹಳ್ಳಿಯ ಹೆಣ್ಣುಮಕ್ಕಳ ಅಜ್ಞಾನವಲ್ಲ. ಅವರನ್ನು ಕೇಳದೆ ಒಲೆ ರೂಪಿಸಿದವರ ಅಜ್ಞಾನ. ಸೂರ್ಯನ ಶಾಖಕ್ಕೆ ಈ ಎರಡು ತಾಲ್ಲೂಕುಗಳಲ್ಲಿ ನಿಶ್ಚಯವಾಗಿಯೂ ಸ್ಥಾನವಿದೆ. ಆದರೆ ಆ ಸ್ಥಾನ ಪ್ರಚಾರಕರು ತೋರಿಸುತ್ತ ಬಂದ ಜಾಗದಲ್ಲಿಲ್ಲ.

ಸೌದೆಯ ಲೆಕ್ಕ

ಒಲೆಯ ಪ್ರಶ್ನೆ ಕೇವಲ ಅಡುಗೆಮನೆಯ ಪ್ರಶ್ನೆಯಲ್ಲ. ಮೂರು ಕಲ್ಲಿನ ಒಲೆಯಲ್ಲಿ ಉರಿಯುವ ಸೌದೆಯ ಶಾಖದಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲಿ ಒಂದು ಪಾಲಿನಷ್ಟೇ. ಉಳಿದ ಒಂಬತ್ತು ಪಾಲು ಗೋಡೆಗೆ, ಗಾಳಿಗೆ, ಹೊಗೆಗೆ. ಆ ಹೊಗೆ ಹೋಗುವುದು ಒಲೆಯ ಮುಂದೆ ಕೂತವಳ ಮತ್ತು ಅವಳ ಮಡಿಲ ಕೂಸಿನ ಎದೆಗೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ನಾಲೆಯ ಕೆಳಗಿನ ಊರುಗಳಲ್ಲಿ ತೆಂಗಿನ ಮಟ್ಟೆ, ಸೋಗೆ, ಹಿಪ್ಪುನೇರಳೆ ಕಡ್ಡಿ, ಹತ್ತಿ ಕಡ್ಡಿ, ಜಾಲಿ ಇವೇ ಸೌದೆ. ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆಗೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿ ಊರಿನ ಅಂಚೇ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಅಂಚು. ಸೌದೆಯ ಹೊರೆಗಾಗಿ ಕಾಡಿನ ಗೆರೆ ದಾಟುವ ಹೆಣ್ಣುಮಗಳಿಗೆ ಒಂದು ಕಡೆ ಅರಣ್ಯ ಇಲಾಖೆಯ ಭಯ, ಇನ್ನೊಂದು ಕಡೆ ಹುಲಿ ಮತ್ತು ಆನೆಯ ಭಯ. ಕಾಡಿಗೂ ಅದು ನಷ್ಟವೇ. ಒಣಗಿದ ಕಡ್ಡಿಯನ್ನಷ್ಟೇ ಆಯ್ದರೂ ವರ್ಷವರ್ಷವೂ ಸಾವಿರಾರು ಒಲೆಗಳಿಗೆ ಆಯ್ದಾಗ ಕಾಡಂಚು ಬರಿದಾಗುತ್ತದೆ.

ಇದಕ್ಕೆ ಪರಿಹಾರವೊಂದು ಈ ಸೀಮೆಯಲ್ಲೇ ನಡೆದುಹೋಗಿದೆ. ವನ್ಯಜೀವಿ ಚಿತ್ರಕಾರರಾದ ಕೃಪಾಕರ ಮತ್ತು ಸೇನಾನಿಯವರ ಮುಂದಾಳ್ತನದಲ್ಲಿ 2000ರ ದಶಕದಲ್ಲಿ ಕೆಲಸ ಮಾಡಿದ ‘ನಮ್ಮ ಸಂಘ’ವು ಬಂಡೀಪುರದ ಸುತ್ತಲಿನ ಹಳ್ಳಿಗಳ ಸಾವಿರಾರು ಕುಟುಂಬಗಳಿಗೆ ಅಡುಗೆ ಅನಿಲವನ್ನು ತಲುಪಿಸಿತು. ಉಪನ್ಯಾಸದ ಬದಲು ಸಿಲಿಂಡರ್ ಕೊಟ್ಟಿತು. ಹಳ್ಳಿಯವರು ಹಳೆಯ ಪದ್ಧತಿಗೆ ಅಂಟಿಕೊಂಡವರು, ಹೊಸದನ್ನು ಒಪ್ಪರು ಎಂಬ ಮಾತನ್ನು ಆ ಅನುಭವವೇ ಸುಳ್ಳಾಗಿಸಿತು. ಅಡುಗೆಮನೆಗೆ ಹೊಂದುವ ಉರಿ ಕೈಗೆಟುಕಿದರೆ ಯಾವ ಹೆಣ್ಣುಮಗಳೂ ಹೊಗೆಯನ್ನು ಬಯಸಿ ಕೂರುವುದಿಲ್ಲ.

2016ರ ಉಜ್ವಲಾ ಯೋಜನೆಯ ನಂತರ ಗ್ಯಾಸ್ ಸಂಪರ್ಕ ದೇಶದ ಮೂಲೆಮೂಲೆಗೂ ಹೋಯಿತು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಶೇ. 58.6ರಷ್ಟು ಮನೆಗಳು, ಕರ್ನಾಟಕದಲ್ಲಿ ಸುಮಾರು ಶೇ. 80ರಷ್ಟು ಮನೆಗಳು ಅಡುಗೆಗೆ ಶುದ್ಧ ಇಂಧನ ಬಳಸುತ್ತವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಸಂಪರ್ಕವಿರುವುದು ಬೇರೆ, ಸಿಲಿಂಡರ್ ತುಂಬಿರುವುದು ಬೇರೆ. ಉಜ್ವಲಾ ಫಲಾನುಭವಿಗಳು 2022–23ರಲ್ಲಿ ವರ್ಷಕ್ಕೆ ಸರಾಸರಿ ನಾಲ್ಕಕ್ಕಿಂತ ಕಡಿಮೆ ಸಿಲಿಂಡರ್ ಪಡೆದರು. ಚಹಾ, ಒಗ್ಗರಣೆ, ಅವಸರದ ಅನ್ನಕ್ಕೆ ಗ್ಯಾಸ್. ಕಾಳು ಬೇಯಿಸಲು, ದನದ ಕಲಗಚ್ಚು ಕಾಯಿಸಲು, ಹಂಡೆಯ ನೀರಿಗೆ ಸೌದೆ ಎಂಬ ಒಳಒಪ್ಪಂದ ಹಳ್ಳಿಯ ಮನೆಗಳಲ್ಲಿದೆ. ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಶೇ. 60ರಷ್ಟು ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆಂಬುದನ್ನೂ ಮರೆಯುವಂತಿಲ್ಲ. ಎಲ್ಲೋ ಒಂದು ಕೊಲ್ಲಿಯಲ್ಲಿ ಯುದ್ಧವಾದರೆ ನರಸೀಪುರದ ಒಲೆಯ ಲೆಕ್ಕ ತಪ್ಪುತ್ತದೆ. ಸೌದೆ ಮತ್ತು ಗ್ಯಾಸಿನ ನಡುವೆ ಉಳಿದಿರುವ ಈ ಜಾಗದಲ್ಲಿಯೇ ಬಿಸಿಲಿಗೆ ಕೆಲಸವಿದೆ.

ಬಂದ ಪೆಟ್ಟಿಗೆ, ಅಟ್ಟ ಸೇರಿದ ಪೆಟ್ಟಿಗೆ

ಬಿಸಿಲಿನ ಅಡುಗೆ ಹೊಸ ವಿಚಾರವಲ್ಲ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಬಿಸಿಲನ್ನು ಹಿಡಿದಿಡಬಹುದೆಂದು 1767ರಲ್ಲಿಯೇ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಡಿ ಸೊಸ್ಸೂರ್ ತೋರಿಸಿದ್ದರು. ಭಾರತದಲ್ಲಿ 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ದರ್ಪಣದ ಸೌರ ಒಲೆಯೊಂದನ್ನು ರೂಪಿಸಿ ಮಾರುಕಟ್ಟೆಗೂ ಬಿಡಿಸಿತು. ಜನ ಕೊಳ್ಳಲಿಲ್ಲ. 1980ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರವು ಪೆಟ್ಟಿಗೆಯ ಮಾದರಿಯ ಸೋಲಾರ್ ಕುಕ್ಕರಿಗೆ ಸಹಾಯಧನ ಕೊಟ್ಟು ಪ್ರಚಾರ ಆರಂಭಿಸಿತು. 1994ರಲ್ಲಿ ಆ ಸಹಾಯಧನ ನಿಂತಿತು. ಅಷ್ಟರಲ್ಲಿ ದೇಶದಲ್ಲಿ ಲಕ್ಷಗಟ್ಟಲೆ ಪೆಟ್ಟಿಗೆಗಳು ಮಾರಾಟವಾಗಿದ್ದವು. ಕೊಂಡವರಲ್ಲಿ ಬಹುಪಾಲು ಪಟ್ಟಣದ ನೌಕರವರ್ಗದವರು. ತಾರಸಿಯ ಮೇಲೆ ಕೆಲಕಾಲ ಕಂಡ ಆ ಪೆಟ್ಟಿಗೆಗಳು ಕ್ರಮೇಣ ಅಟ್ಟ ಸೇರಿದವು.

ಪೆಟ್ಟಿಗೆಯ ಕೆಲಸ ಸರಳ. ಒಳಮೈಗೆ ಕಪ್ಪು ಬಣ್ಣ, ಸುತ್ತ ಶಾಖ ತಡೆಯುವ ಪದರ, ಮೇಲೆ ಎರಡು ಗಾಜು, ಮುಚ್ಚಳದಲ್ಲಿ ಒಂದು ಕನ್ನಡಿ. ಗಾಜಿನ ಮೂಲಕ ಒಳಗೆ ಬಂದ ಬೆಳಕು ಶಾಖವಾಗಿ ಬದಲಾದ ಮೇಲೆ ಸುಲಭವಾಗಿ ಹೊರಹೋಗಲಾರದು. ಒಳಗಿನ ಉಷ್ಣತೆ ನೂರು ಡಿಗ್ರಿ ದಾಟುತ್ತದೆ. ನಾಲ್ಕು ಡಬ್ಬಿಗಳಲ್ಲಿ ಅನ್ನ, ಬೇಳೆ, ತರಕಾರಿ ಎರಡು–ಮೂರು ಗಂಟೆಗಳಲ್ಲಿ ಬೇಯುತ್ತವೆ. ಸೀಯುವುದಿಲ್ಲ, ಉಕ್ಕುವುದಿಲ್ಲ, ಹತ್ತಿರ ನಿಲ್ಲಬೇಕಾಗಿಲ್ಲ. ವರ್ಷಕ್ಕೆ ಮೂರು–ನಾಲ್ಕು ಸಿಲಿಂಡರ್ ಉಳಿಯುತ್ತವೆಂದು ಪ್ರಚಾರಪತ್ರಗಳು ಹೇಳುತ್ತಿದ್ದವು. ಇವುಗಳಲ್ಲಿ ಯಂತ್ರದ ಕುರಿತು ಹೇಳಿದ್ದೆಲ್ಲವೂ ನಿಜ. ಮನೆಯ ಕುರಿತು ಮಾತ್ರ ಯಾರೂ ಏನನ್ನೂ ಹೇಳಲಿಲ್ಲ.

ಮೈಸೂರು ಸೀಮೆಯ ಮನೆಯ ಊಟವೆಂದರೆ ರಾಗಿ ಹಿಟ್ಟು. ಕುದಿಯುವ ಎಸರಿಗೆ ಹಿಟ್ಟು ಹಾಕಿ, ಉರಿಯ ಮೇಲೆಯೇ ಕೋಲಿನಿಂದ ಬಲವಾಗಿ ತಿರುವಿ, ಗಂಟಿಲ್ಲದಂತೆ ಮಾಡಿ, ಬಿಸಿಯಿರುವಾಗಲೇ ಕಟ್ಟಬೇಕು. ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಮುದ್ದೆ ಹೇಗೆ ತಿರುವುವುದು? ರೊಟ್ಟಿ ತಟ್ಟುವುದೆಲ್ಲಿ? ಉಪ್ಸಾರಿನ ಖಾರಕ್ಕೆ ಮೆಣಸಿನಕಾಯಿ ಸುಡುವುದೆಲ್ಲಿ? ಕೂಲಿಗೆ ಹೋಗುವ ಹೆಂಗಸು ಬೆಳಗಿನ ಎಂಟಕ್ಕೆ ಮನೆ ಬಿಡುತ್ತಾಳೆ, ಸಂಜೆ ಆರಕ್ಕೆ ಮರಳುತ್ತಾಳೆ. ಬಿಸಿಲಿನ ಒಲೆ ಬೇಯಿಸುವುದು ಹನ್ನೊಂದರಿಂದ ಮೂರರವರೆಗೆ. ಅವಳ ಎರಡು ಅಡುಗೆಗಳೂ ಬಿಸಿಲಿನ ಆಚೆಗಿವೆ. ಅಂಗಳದಲ್ಲಿಟ್ಟ ಪೆಟ್ಟಿಗೆಯನ್ನು ನಾಯಿ, ಕೋಳಿ, ಮಕ್ಕಳ ಚೆಂಡುಗಳಿಂದ ಕಾಯುವವರಾರು? ಕೇರಿಯ ಎದುರು ಬಯಲಿನಲ್ಲಿ ಅಡುಗೆ ಇಡಲು ಎಲ್ಲರ ಮನಸ್ಸೂ ಒಪ್ಪುವುದಿಲ್ಲ. ಇಂದು ಏನು ಬೇಯುತ್ತಿದೆ, ಏನು ಬೇಯುತ್ತಿಲ್ಲ ಎಂಬುದು ಬಡವರ ಮನೆಯ ಗುಟ್ಟು. ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡ, ಸೆಪ್ಟೆಂಬರ್–ಅಕ್ಟೋಬರಿನ ಮಳೆ ಇವುಗಳ ನಡುವೆ ಪೆಟ್ಟಿಗೆ ಎಷ್ಟೋ ದಿನ ಸುಮ್ಮನೆ ಕೂರುತ್ತದೆ. ಹಾಗೆ ಕೂತ ವಸ್ತುವಿನ ಅಭ್ಯಾಸ ತಪ್ಪುತ್ತದೆ. ಒಂದು ಗಾಜು ಒಡೆದರೆ ಅದನ್ನು ಹಾಕಿಕೊಡುವವರು ಸಂತೆಯಲ್ಲಿ ಸಿಗುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು.

ಪುರ ಗ್ರಾಮದ ಪಾಠ

ಈ ಸೋಲಿನಿಂದ ಕಲಿಯಬೇಕಾದುದನ್ನು ಕರ್ನಾಟಕದ ಒಂದು ಹಳ್ಳಿ ಬಹಳ ಹಿಂದೆಯೇ ಕಲಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಘಟಕವನ್ನು ಆರಂಭಿಸಿದರು. ಗ್ರಾಮಗಳಿಗೆ ಒದಗುವ ವಿಜ್ಞಾನ–ತಂತ್ರಜ್ಞಾನ ಅದರ ಗುರಿಯಾಗಿತ್ತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಅವರ ತಂಡ ಮನೆಮನೆಗೆ ಹೋಗಿ ಶಕ್ತಿಯ ಲೆಕ್ಕ ಬರೆಯಿತು. ಯಾರು ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊತ್ತು ಸೌದೆ ಆಯುತ್ತಾರೆ, ಎಷ್ಟು ಕೊಡ ನೀರು ಹೊರುತ್ತಾರೆ ಎಂಬುದೆಲ್ಲ ಆ ಲೆಕ್ಕದಲ್ಲಿತ್ತು. ಹಳ್ಳಿಯ ಶಕ್ತಿಯಲ್ಲಿ ಸಿಂಹಪಾಲು ವಿದ್ಯುತ್ತಿನದೂ ಅಲ್ಲ, ಸೀಮೆಎಣ್ಣೆಯದೂ ಅಲ್ಲ, ಸೌದೆಯದು ಎಂಬುದೂ, ಅದನ್ನು ಹೊರುವವರು ಹೆಂಗಸರು ಮತ್ತು ಮಕ್ಕಳು ಎಂಬುದೂ ಅಂಕಿಗಳಲ್ಲಿ ಸ್ಥಾಪಿತವಾಯಿತು.

ಪುರ ಎಂಬ ಗ್ರಾಮದಲ್ಲಿ ಸಮುದಾಯದ ಗೋಬರ್ ಅನಿಲ ಸ್ಥಾವರವನ್ನು ಮೊದಲು ಯೋಜಿಸಿದ್ದು ಅಡುಗೆಗಾಗಿ. ಊರಿನ ಸಗಣಿಯಿಂದ ಎಲ್ಲ ಒಲೆಗಳಿಗೂ ಸಾಲುವಷ್ಟು ಅನಿಲ ಬರಲಿಲ್ಲ. ಯೋಜನೆ ಬಿದ್ದಿತು. ತಂಡ ಊರಿನವರೊಂದಿಗೆ ಮತ್ತೆ ಕೂತಿತು. ಜನರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು ಮತ್ತು ಬೆಳಕು ಎಂಬುದು ಆಗ ತಿಳಿಯಿತು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿತು, ಮನೆಗಳಿಗೆ ದೀಪ ಬಂತು, ನಲ್ಲಿಯಲ್ಲಿ ನೀರು ಬಂತು. ಸ್ಥಾವರವನ್ನು ಊರಿನವರೇ ನಡೆಸಿದರು. ಸಗಣಿ ಕೊಟ್ಟವರಿಗೆ ಗೊಬ್ಬರ ಮರಳಿತು, ಲೆಕ್ಕ ಎಲ್ಲರೆದುರು ಇತ್ತು. ಒಂದೇ ಹಳ್ಳಿ, ಅದೇ ಸಗಣಿ, ಅದೇ ಜನ. ಪ್ರಶ್ನೆ ಸರಿಯಾದಾಗ ಯೋಜನೆ ನಡೆಯಿತು.

‘ಅಸ್ತ್ರ ಒಲೆ’ಯೂ ಇದೇ ಚಿಂತನೆಯ ಕೂಸು. 1980ರ ದಶಕದ ಆರಂಭದಲ್ಲಿ ರೂಪುಗೊಂಡ ಈ ಮೂರು ಕುಳಿಗಳ ಒಲೆಗೆ ಹೊಗೆಕೊಳವೆಯಿದೆ. ಸಾಮಾನ್ಯ ಒಲೆಗಿಂತ ಮೂರು ಪಟ್ಟು ಶಾಖವನ್ನು ಪಾತ್ರೆಗೆ ಕೊಡಬಲ್ಲದು. ಮುಖ್ಯವಾಗಿ, ಅದರ ಮೇಲೆ ಮುದ್ದೆ ತಿರುವಬಹುದು. ಆದರೆ 1980ರ ದಶಕದಿಂದ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ಒಲೆಗಳನ್ನು ಗುರಿಯ ಲೆಕ್ಕಕ್ಕೆ ಕಟ್ಟಲಾಯಿತು. ದೇಶದಾದ್ಯಂತ ಮೂರು ಕೋಟಿಗೂ ಮೀರಿ ಒಲೆಗಳು ಕಾಗದದಲ್ಲಿ ಎದ್ದವು. ಅಳತೆ ತಪ್ಪಿ ಕಟ್ಟಿದ ಒಲೆ, ಕಸ ತುಂಬಿದ ಕೊಳವೆ, ದುರಸ್ತಿಗೆ ಬಾರದ ಮೇಸ್ತ್ರಿ ಇವುಗಳಿಂದಾಗಿ ಅನೇಕ ಒಲೆಗಳು ಬಳಕೆಯಿಂದ ಬಿದ್ದುಹೋದವು. ಒಳ್ಳೆಯ ಒಲೆಯೂ ಗುರಿಯ ಲೆಕ್ಕಕ್ಕೆ ಸಿಕ್ಕರೆ ಕೆಟ್ಟ ಒಲೆಯಾಗುತ್ತದೆ.

ಬಿಸಿಲಿರುವ ಹೊತ್ತಿನ ಅಡುಗೆಮನೆಗಳು

ಹಾಗಾದರೆ ಸೌರ ಒಲೆಯನ್ನು ಕೈಬಿಡಬೇಕೇ? ಬೇಡ. ಬಿಸಿಲಿನ ಹೊತ್ತಿಗೇ ಬೇಯಿಸುವ ಅಡುಗೆಮನೆ ಯಾವುದೆಂದು ಹುಡುಕಬೇಕು. ಅಂಥ ಅಡುಗೆಮನೆ ಪ್ರತಿ ಊರಿನಲ್ಲೂ ಇದೆ. ಅದು ಸರ್ಕಾರಿ ಶಾಲೆಯ ಅಕ್ಷರ ದಾಸೋಹದ ಕೋಣೆ. ಅಲ್ಲಿ ಅಕ್ಕಿ ತೊಳೆಯುವುದು ಹತ್ತಕ್ಕೆ, ಮಕ್ಕಳು ತಟ್ಟೆ ಹಿಡಿಯುವುದು ಒಂದು ಗಂಟೆಯ ಹೊತ್ತಿಗೆ. ಮನೆಯ ಅಡುಗೆಗೆ ಶತ್ರುವಾದ ಸೂರ್ಯನ ವೇಳಾಪಟ್ಟಿ ಶಾಲೆಯ ಅಡುಗೆಗೆ ಮಿತ್ರ. ಮುದ್ದೆ ತಿರುವುವ ತೊಡಕಿಲ್ಲ. ಅನ್ನ, ಸಾಂಬಾರು ಮುಖ್ಯ. ಕಟ್ಟಡಕ್ಕೆ ತಾರಸಿಯಿದೆ. ಅಂಗನವಾಡಿ, ವಿದ್ಯಾರ್ಥಿನಿಲಯ, ದೇವಸ್ಥಾನದ ದಾಸೋಹಗಳಿಗೂ ಇದೇ ಮಾತು ಸಲ್ಲುತ್ತದೆ.

ಇದು ಬರಿಯ ಕನಸಲ್ಲ. ತಿರುಮಲದ ಬೆಟ್ಟದ ಮೇಲೆ 2002ರಲ್ಲಿ 106 ದರ್ಪಣಗಳ ಸೌರ ಉಗಿ ವ್ಯವಸ್ಥೆಯನ್ನು ದಿನಕ್ಕೆ ಸುಮಾರು 15,000 ಜನರ ಅಡುಗೆಗಾಗಿ ಸ್ಥಾಪಿಸಲಾಯಿತು. ಶಿರಡಿಯಲ್ಲಿ 2009ರಲ್ಲಿ 73 ದರ್ಪಣಗಳ ವ್ಯವಸ್ಥೆ ಬಂದಿತು. ವೋಲ್ಫ್‌ಗಾಂಗ್ ಶೆಫ್ಲರ್ ಎಂಬ ವಿಜ್ಞಾನಿ ರೂಪಿಸಿದ ಈ ದರ್ಪಣಗಳು ಸೂರ್ಯನತ್ತ ತಾವೇ ತಿರುಗುತ್ತವೆ; ಅಡುಗೆಯವರು ಬಿಸಿಲಿಗೆ ಬರಬೇಕಾಗಿಲ್ಲ, ಉಗಿ ಒಳಗೆ ಬರುತ್ತದೆ. ಮೋಡದ ದಿನಕ್ಕೆ ಬೇರೆ ಇಂಧನದ ಬಾಯ್ಲರ್ ಜೊತೆಗಿರುತ್ತದೆ. ಸುತ್ತೂರಿನ ದಾಸೋಹ, ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿ, ಮುಡುಕುತೊರೆಯ ಜಾತ್ರೆ ಇವೆಲ್ಲ ಸಾವಿರ ಸಾವಿರ ಜನಕ್ಕೆ ಅನ್ನವಿಕ್ಕುವ ಪರಂಪರೆಯ ತಾಣಗಳು. ಈ ಸೀಮೆಯಲ್ಲಿ ಸೂರ್ಯನ ಅನ್ನ ಮೊದಲು ಬೇಯಬೇಕಾದದ್ದು ಇಂಥ ಕಡೆ. ಬಡವಳ ಅಂಗಳದಲ್ಲಿ ಪ್ರಯೋಗ ಮಾಡುವುದಕ್ಕಿಂತ, ನಷ್ಟವಾದರೆ ತಡೆದುಕೊಳ್ಳಬಲ್ಲ ಸಂಸ್ಥೆಗಳ ಅಡುಗೆಮನೆಯಲ್ಲಿ ಪ್ರಯೋಗ ನಡೆಯುವುದು ನ್ಯಾಯ.

ಶಾಲೆಗಳಿಗೆ ಇನ್ನೂ ಸರಳವಾದ ದಾರಿಯಿದೆ. ಅದನ್ನು ಲೆಕ್ಕ ಹಾಕಲು ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಎಂಬ ನಿಯಮದಂತೆ ನೂರು ಮಕ್ಕಳಿಗೆ 10 ಕಿಲೋ ಅಕ್ಕಿ ಬೇಕು. ಅದಕ್ಕೆ ಸುಮಾರು 25 ಲೀಟರ್ ನೀರು. 25 ಡಿಗ್ರಿಯ ನೀರನ್ನು 100 ಡಿಗ್ರಿಗೆ ಏರಿಸಲು 75 ಡಿಗ್ರಿಯ ಏರಿಕೆ ಬೇಕು. ತಾರಸಿಯ ಮೇಲಿನ ಸಾಧಾರಣ ಸೋಲಾರ್ ವಾಟರ್ ಹೀಟರ್ 60 ಡಿಗ್ರಿಯ ನೀರು ಕೊಟ್ಟರೆ ಆ ಏರಿಕೆಯಲ್ಲಿ 35 ಡಿಗ್ರಿ ಬಿಟ್ಟಿಯಾಗಿ ಮುಗಿದಿರುತ್ತದೆ. ಎಂದರೆ ಎಸರು ಕುದಿಸುವ ಗ್ಯಾಸಿನಲ್ಲಿ ಹತ್ತಿರಹತ್ತಿರ ಅರ್ಧ ಉಳಿಯಿತು. ಇದಕ್ಕೆ ಹೊಸ ಒಲೆ ಬೇಡ, ಹೊಸ ಪಾತ್ರೆ ಬೇಡ, ಅಡುಗೆಯವರಿಗೆ ತರಬೇತಿ ಬೇಡ. ತೊಟ್ಟಿಯ ನೀರು ಕುಡಿಯಲು ಯೋಗ್ಯವಾಗಿರುವಂತೆ ನೋಡಿಕೊಂಡರೆ ಸಾಕು. ಕೆಟ್ಟರೆ ಸರಿಪಡಿಸುವವರು ನಂಜನಗೂಡಿನಲ್ಲಿಯೂ ಇದ್ದಾರೆ, ನರಸೀಪುರದಲ್ಲಿಯೂ ಇದ್ದಾರೆ.

ಹಂಡೆಯ ನೀರು

ಈ ಲೆಕ್ಕ ಮನೆಗೂ ಒಂದು ದಾರಿ ತೋರಿಸುತ್ತದೆ. ಗ್ಯಾಸ್ ಬಂದ ಮನೆಯಲ್ಲೂ ಸೌದೆ ಉರಿಯುತ್ತಿರುವುದು ಮುಖ್ಯವಾಗಿ ಬಚ್ಚಲಿನ ಹಂಡೆಯ ಕೆಳಗೆ. ಸ್ನಾನಕ್ಕೆ ಬೇಕಾದದ್ದು 40–45 ಡಿಗ್ರಿಯ ನೀರು. ಅಷ್ಟಕ್ಕೆ ನೂರಾರು ಡಿಗ್ರಿಯ ಉರಿ ಹಚ್ಚುವುದೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಬಿಸಿಲು ಅತ್ಯಂತ ಸುಲಭವಾಗಿ ಮಾಡುವ ಕೆಲಸವೇ ಇದು. ಮಧ್ಯಾಹ್ನ ಕಾದ ನೀರು ಶಾಖ ತಡೆಯುವ ತೊಟ್ಟಿಯಲ್ಲಿ ಮರುದಿನ ಬೆಳಗಿನವರೆಗೂ ಬಿಸಿಯಾಗಿರುತ್ತದೆ. ಅಡುಗೆಗೆ ಅಡ್ಡಿಯಾಗಿದ್ದ ವೇಳೆಯ ತೊಡಕು ಇಲ್ಲಿಲ್ಲ.

ಕರ್ನಾಟಕ ಸರ್ಕಾರ 2007ರಲ್ಲಿ ನಗರಗಳ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರನ್ನು ಕಡ್ಡಾಯಗೊಳಿಸಿತು. ಬೆಂಗಳೂರು ದೇಶದಲ್ಲಿಯೇ ಹೆಸರಾಯಿತು. ಆ ಕಡ್ಡಾಯ, ಆ ರಿಯಾಯಿತಿಗಳ ಫಲ ಸಿಕ್ಕಿದ್ದು ತಾರಸಿಯುಳ್ಳವರಿಗೆ. ಹೆಂಚಿನ ಮನೆ, ಶೀಟಿನ ಮನೆ, ಜನತಾ ಮನೆಗಳಿಗೆ ಹೊಂದುವ ಅಗ್ಗದ ಸೌರ ಹಂಡೆಯನ್ನು ಯಾವ ಯೋಜನೆಯೂ ಗಂಭೀರವಾಗಿ ಯೋಚಿಸಿದಂತಿಲ್ಲ. ವಸತಿ ಯೋಜನೆಯ ಮನೆಗೆ ಬಾಗಿಲು, ಕಿಟಕಿ, ಶೌಚಾಲಯದ ಲೆಕ್ಕ ಹಾಕುವಂತೆಯೇ ಒಂದು ಸೌರ ಹಂಡೆಯ ಲೆಕ್ಕವನ್ನೂ ಹಾಕಿದರೆ ಕಾಡಂಚಿನ ಊರುಗಳಲ್ಲಿ ಸೌದೆಯ ಹೊರೆ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ.

ಇಷ್ಟಾದ ಮೇಲೆ ಮನೆಯ ಸೌರ ಒಲೆಗೂ ಒಂದು ಮೂಲೆ ಉಳಿಯುತ್ತದೆ. ಅವರೆ, ಹುರುಳಿ, ಕಡಲೆ ಮುಂತಾದ ಕಾಳುಗಳಿಗೆ ಗ್ಯಾಸ್ ಹೆಚ್ಚು ಖರ್ಚಾಗುತ್ತದೆ. ಮನೆಯಲ್ಲಿ ವಯಸ್ಸಾದ ಅಜ್ಜಿಯಿದ್ದರೆ, ಬೆಳಿಗ್ಗೆ ಪೆಟ್ಟಿಗೆಯಲ್ಲಿಟ್ಟ ಕಾಳು ಮಧ್ಯಾಹ್ನಕ್ಕೆ ಬೆಂದಿರುತ್ತದೆ. ಸಂಜೆ ಒಗ್ಗರಣೆ ಹಾಕಿ ಮುದ್ದೆ ತಿರುವಿದರೆ ಊಟ ಮುಗಿಯಿತು. ಅಸ್ತ್ರ ಒಲೆ, ಗ್ಯಾಸ್, ಬಿಸಿಲಿನ ಪೆಟ್ಟಿಗೆ ಇವು ಮೂವರು ಓರಗಿತ್ತಿಯರಂತೆ ಕೆಲಸ ಹಂಚಿಕೊಂಡರೆ ಮನೆ ನಡೆಯುತ್ತದೆ. ಒಬ್ಬಳೇ ಎಲ್ಲವನ್ನೂ ಮಾಡಬೇಕೆಂದು ಹಟ ಹಿಡಿದರೆ ಮನೆ ಒಡೆಯುತ್ತದೆ.

ಛತ್ರಿಯಾಕಾರದ ದರ್ಪಣದ ಒಲೆಯ ವಿಷಯವನ್ನೂ ಹೇಳಬೇಕು. 1.4 ಮೀಟರ್ ಅಗಲದ ದರ್ಪಣದ ಮೇಲೆ ಮಧ್ಯಾಹ್ನ ಸುಮಾರು 1,200 ವಾಟ್‌ನಷ್ಟು ಬಿಸಿಲು ಬೀಳುತ್ತದೆ. ಅದರಲ್ಲಿ ಅರ್ಧ ಪಾತ್ರೆಗೆ ಸೇರಿದರೂ ಐದು ಲೀಟರ್ ನೀರು ಮುಕ್ಕಾಲು ಗಂಟೆಯಲ್ಲಿ ಕುದಿಯುತ್ತದೆ. ಇದರ ಮೇಲೆ ಮುದ್ದೆಯೂ ಆಗುತ್ತದೆ, ಒಗ್ಗರಣೆಯೂ ಆಗುತ್ತದೆ. ಆದರೆ ಬಿಸಿಲಿನಲ್ಲೇ ನಿಲ್ಲಬೇಕು, ಹದಿನೈದು–ಇಪ್ಪತ್ತು ನಿಮಿಷಕ್ಕೊಮ್ಮೆ ದರ್ಪಣ ತಿರುಗಿಸಬೇಕು, ಕಣ್ಣಿಗೆ ಬೆಳಕು ಹೊಡೆಯದಂತೆ ಎಚ್ಚರವಿರಬೇಕು. ಈ ತೊಂದರೆಗಳಿಗೆ ಉತ್ತರವಾಗಿ ಈಚೆಗೆ ತಾರಸಿಯ ಮೇಲಿನ ಸೌರ ಫಲಕದಿಂದ ಮನೆಯೊಳಗಿನ ಒಲೆ ಉರಿಸುವ ಪ್ರಯತ್ನಗಳು ನಡೆದಿವೆ. ಮಧ್ಯಪ್ರದೇಶದ ಬೇತುಲ್ ಜಿಲ್ಲೆಯ ಬಾಂಚಾ ಗ್ರಾಮದಲ್ಲಿ ಮುಂಬಯಿ ಐಐಟಿ ರೂಪಿಸಿದ ಇಂಥ ಒಲೆಗಳು 2018ರ ವೇಳೆಗೆ ಊರಿನ ಎಲ್ಲ ಎಪ್ಪತ್ತಕ್ಕೂ ಹೆಚ್ಚು ಮನೆಗಳಿಗೆ ಬಂದವು. 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ‘ಸೂರ್ಯ ನೂತನ’ ಎಂಬ ಒಲೆಯನ್ನು ಪ್ರಕಟಿಸಿತು. ಅಡುಗೆಯವಳನ್ನು ಹೊರಗೆ ಕರೆಯದೆ ಬಿಸಿಲನ್ನೇ ಒಳಗೆ ತರುವ ದಿಕ್ಕು ಇದು. ದಿಕ್ಕು ಸರಿಯಾಗಿದೆ, ಬೆಲೆ ಮಾತ್ರ ಕೂಲಿಯವರ ಕೈಗೆ ಇನ್ನೂ ಎಟುಕಿಲ್ಲ.

ಹೊಗೆಯ ಉಳಿತಾಯ ಯಾರ ಜೇಬಿಗೆ?

ಸೌರ ಒಲೆ, ಸುಧಾರಿತ ಒಲೆಗಳನ್ನು ಉಚಿತವಾಗಿ ಹಂಚುವ ಯೋಜನೆಗಳ ಹಿಂದೆ ಇಂದು ಇನ್ನೊಂದು ಲೆಕ್ಕವಿದೆ. ಬಡವರ ಒಲೆಯಿಂದ ಏಳದೇ ಹೋದ ಹೊಗೆಯನ್ನು ಟನ್ನಿನ ಲೆಕ್ಕದಲ್ಲಿ ಅಳೆದು ಕಾರ್ಬನ್ ಕ್ರೆಡಿಟ್ ಎಂಬ ಹೆಸರಿನಲ್ಲಿ ಮಾರಲಾಗುತ್ತದೆ. ಕೊಳ್ಳುವವರು ತಮ್ಮ ಕಾರ್ಖಾನೆಯ, ವಿಮಾನದ ಹೊಗೆಯನ್ನು ಅದಕ್ಕೆ ವಜಾ ಹಾಕಿಕೊಳ್ಳುತ್ತಾರೆ. ಒಲೆ ಕೊಟ್ಟ ದಿನ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಗದದಲ್ಲಿ ಈ ಉಳಿತಾಯದ ಹಕ್ಕು ಯೋಜನೆಯವರದು ಎಂದು ಬರೆದಿದ್ದರೆ, ಸಹಿ ಮಾಡಿದವಳಿಗೆ ಅದನ್ನು ಓದಿ ಹೇಳುವವರು ಯಾರು?

ಲೆಕ್ಕವೂ ಶುದ್ಧವಾಗಿಲ್ಲ. 2024ರ ಆರಂಭದಲ್ಲಿ ‘ನೇಚರ್ ಸಸ್ಟೈನಬಿಲಿಟಿ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಪರಿಶೀಲನೆಗೆ ಒಳಪಡಿಸಿದ ಒಲೆ ಯೋಜನೆಗಳು ಒಟ್ಟಾರೆ ನಿಜವಾದ ಉಳಿತಾಯಕ್ಕಿಂತ ಸುಮಾರು 9 ಪಟ್ಟು ಹೆಚ್ಚು ಕ್ರೆಡಿಟ್ ಪಡೆದಿದ್ದವೆಂದು ತೋರಿಸಿತು. ಕೊಟ್ಟ ಒಲೆಗಳೆಲ್ಲ ದಿನವೂ ಉರಿಯುತ್ತಿವೆ, ಹಳೆಯ ಒಲೆ ಆರಿಹೋಗಿದೆ ಎಂದು ಊಹಿಸಿಕೊಂಡದ್ದು ಇದಕ್ಕೆ ಒಂದು ಕಾರಣ. ಅಟ್ಟದ ಮೇಲಿನ ಪೆಟ್ಟಿಗೆಯೂ ಲೆಕ್ಕದಲ್ಲಿ ದಿನಕ್ಕೆರಡು ಹೊತ್ತು ಬೇಯಿಸುತ್ತಿರುತ್ತದೆ. ಇಂಥ ಯೋಜನೆ ಊರಿಗೆ ಬಂದಾಗ ಗ್ರಾಮಸಭೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಉಳಿತಾಯದ ಹಕ್ಕು ಯಾರದು? ಮಾರಿದ ಹಣದಲ್ಲಿ ಊರಿಗೆಷ್ಟು? ಒಲೆ ಕೆಟ್ಟರೆ ಐದನೇ ವರ್ಷದಲ್ಲಿ ಯಾರು ಬರುತ್ತಾರೆ? ಉತ್ತರ ಬರೆದುಕೊಡದವರಿಗೆ ಅಂಗಳದಲ್ಲಿ ಜಾಗ ಕೊಡಬೇಕಾಗಿಲ್ಲ.

ಬೆಟ್ಟದ ಮೇಲಿನವರಿಗೆ

ಬಯಲಿನ ಈ ಎರಡು ತಾಲ್ಲೂಕುಗಳ ಮಾತು ಬೆಟ್ಟದ ಊರುಗಳಿಗೆ ಏಕೆ ಎಂಬ ಪ್ರಶ್ನೆ ಸಹಜ. ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ, ಕಾಳು ತಡವಾಗಿ ಬೇಯುತ್ತದೆ. ಪ್ರತಿ 300 ಮೀಟರ್ ಏರಿದಾಗ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ನೀರು 95 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಆದ್ದರಿಂದಲೇ ಬೆಟ್ಟದವರ ಒಲೆಗೆ ಸೌದೆ ಹೆಚ್ಚು ಬೇಕು. ಚಳಿಗೆ ಮೈ ಕಾಯಿಸಲೂ ಬೇಕು. ಬೆಟ್ಟದ ಒಲೆ ಬಿಸಿಯನ್ನು ಕೊಡುವ ಸಂಗಾತಿಯೂ ಹೌದೆಂಬುದನ್ನು ಯೋಜನೆಗಳು ಮರೆಯಬಾರದು.

ಆದರೆ ಒಂದು ಅನುಕೂಲವೂ ಇದೆ. ಹಿಂದೆ ಹೆಸರಿಸಿದ ಡಿ ಸೊಸ್ಸೂರ್ ತಮ್ಮ ಪೆಟ್ಟಿಗೆಯನ್ನು ಆಲ್ಪ್ಸ್ ಪರ್ವತದ ತುದಿಗೊಮ್ಮೆ, ಕೆಳಗಿನ ಬಯಲಿಗೊಮ್ಮೆ ಒಯ್ದು ಪರೀಕ್ಷಿಸಿದರು. ಮೇಲೆ ಗಾಳಿ ಬಹಳ ತಣ್ಣಗಿದ್ದರೂ ಪೆಟ್ಟಿಗೆಯೊಳಗಿನ ಬಿಸಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಪೆಟ್ಟಿಗೆಗೆ ಮುಖ್ಯವಾಗಿ ಬೇಕಾದದ್ದು ಬೆಳಕು. ಮಂಜು ಕರಗಿದ ಚಳಿಗಾಲದ ಮಧ್ಯಾಹ್ನಗಳಲ್ಲಿ ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟದ ಪೋಡು–ಹಾಡಿಗಳಿಗೆ ಆ ಬೆಳಕು ಧಾರಾಳವಾಗಿ ಸಿಗುತ್ತದೆ. ನಾಲ್ಕು ತಿಂಗಳು ಮಳೆ ಹಿಡಿಯುವ ಮಲೆನಾಡಿನ ಊರುಗಳಿಗೆ ಮಾತ್ರ ಒಳ್ಳೆಯ ಅಸ್ತ್ರ ಒಲೆಯೇ ಮೊದಲ ಆಯ್ಕೆ. ಎಲ್ಲ ಊರಿಗೂ ಒಂದೇ ಒಲೆ ಎಂಬುದು ಇಲಾಖೆಯ ಅನುಕೂಲವೇ ಹೊರತು ಊರಿನದಲ್ಲ.

ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ರಟ್ಟಿನ ಪೆಟ್ಟಿಗೆ, ಭತ್ತದ ಹೊಟ್ಟು, ಎರಡು ಗಾಜು, ಒಂದು ಕನ್ನಡಿ ಇವುಗಳಿಂದ ಪೆಟ್ಟಿಗೆ ಮಾಡುವುದು ವಿಜ್ಞಾನ ಪ್ರದರ್ಶನಕ್ಕೆ ಸಾಕು. ಆದರೆ ಅದಕ್ಕಿಂತ ದೊಡ್ಡ ಪ್ರಯೋಗ ಬೇರೆಯಿದೆ. ತಮ್ಮ ಊರಿನ ಹತ್ತು ಮನೆಗಳಲ್ಲಿ ಒಂದು ವಾರ ಸೌದೆ ತೂಗುವುದು. ಅಡುಗೆಗೆಷ್ಟು, ಹಂಡೆಗೆಷ್ಟು, ದನಕ್ಕೆಷ್ಟು ಎಂದು ಬರೆಯುವುದು. ಹೊತ್ತವರು ಯಾರು, ಎಷ್ಟು ಹೊತ್ತು ನಡೆದರು ಎಂದು ಕೇಳುವುದು. ಉಂಗ್ರದ ಸುತ್ತ ವಿಜ್ಞಾನಿಗಳು ಮಾಡಿದ್ದು ಇದನ್ನೇ. ತಕ್ಕಡಿಯೊಂದು, ಪುಸ್ತಕವೊಂದು ಸಾಕು. ಆ ಪುಸ್ತಕವನ್ನು ಗ್ರಾಮಸಭೆಯ ಮುಂದಿಟ್ಟರೆ ಊರಿಗೆ ಯಾವ ಒಲೆ ಬೇಕೆಂಬುದು ಊರಿಗೇ ತಿಳಿಯುತ್ತದೆ.

ಗ್ರಾಮ ಪಂಚಾಯಿತಿಗಳ ಮುಂದಿಡಬೇಕಾದ ಬೇಡಿಕೆಗಳು ಹೆಚ್ಚೇನಿಲ್ಲ. ಶಾಲೆ, ಅಂಗನವಾಡಿ, ವಿದ್ಯಾರ್ಥಿನಿಲಯಗಳ ಅಡುಗೆಗೆ ಮೊದಲು ಸೌರ ಬಿಸಿನೀರು ಬರಲಿ. ಬಡವರ ಮನೆಗೆ ಸೌರ ಹಂಡೆ ವಸತಿ ಯೋಜನೆಯ ಭಾಗವಾಗಲಿ. ಪ್ರತಿ ಹೋಬಳಿಯಲ್ಲಿ ಒಲೆ ಕಟ್ಟುವ, ಗಾಜು ಹಾಕುವ, ಕೊಳವೆ ಶುಚಿ ಮಾಡುವ ಇಬ್ಬರು ಹೆಣ್ಣುಮಕ್ಕಳಿಗೆ ತರಬೇತಿಯೂ ಕೂಲಿಯೂ ಸಿಗಲಿ. ಹೊಸ ಒಲೆ ಊರಿಗೆ ಬರುವ ಮುನ್ನ ಸ್ತ್ರೀಶಕ್ತಿ ಸಂಘದ ಹತ್ತು ಮನೆಗಳು ಅದನ್ನು ಒಂದು ಮಳೆಗಾಲ, ಒಂದು ಬೇಸಿಗೆ ಬಳಸಿ ನೋಡಲಿ. ಬೇಡವೆಂದರೆ ಆ ಮಾತೇ ಕೊನೆಯ ಮಾತಾಗಲಿ.

ಸೂರ್ಯ ಯಾರ ಅಪ್ಪಣೆಗೂ ಕಾಯದೆ ಬೆಳಗುತ್ತಾನೆ. ಅವನ ಶಾಖವನ್ನು ಅಡುಗೆಮನೆಯ ಒಳಗೆ ಕರೆಯಬೇಕೇ, ಯಾವ ಬಾಗಿಲಿನಿಂದ ಕರೆಯಬೇಕು, ಯಾವ ಹೊತ್ತಿಗೆ ಕರೆಯಬೇಕು ಎಂದು ನಿರ್ಧರಿಸುವ ಹಕ್ಕು ಮಾತ್ರ ಒಲೆಯ ಮುಂದೆ ನಿಲ್ಲುವವಳದು.